ಪದಚರ್ಚೆ: ಕೈಯಿಂದ ಮಾಡಿದ ಗ್ರೀಟಿಂಗ್ ಕಾರ್ಡಿಗೆ ಫಲಕದಲ್ಲಿ ಏನೆಂದು ಬರೆಯುವುದು?

> ಮೈಸೂರಿನ ನಮ್ಮ ಬಡಾವಣೆಯಲ್ಲಿ ಸಂಕ್ರಾಂತಿಗೆ ಮುಂಚೆ ಮಕ್ಕಳಿಂದ ಗ್ರೀಟಿಂಗ್ ಕಾರ್ಡು ಮಾಡಿಸಿ, ವೃದ್ಧಾಶ್ರಮದ ಹಿರಿಯರಿಗೂ ಆಸ್ಪತ್ರೆಯಲ್ಲಿರುವವರಿಗೂ ಅವರ ಕೈಯಿಂದಲೇ ಕೊಡಿಸಬೇಕೆಂದಿದ್ದೇವೆ. ಫಲಕ ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ. ಕೈಯಿಂದ ಮಾಡಿದ್ದು, ಪುಕ್ಕಟೆಯಾಗಿ ಕೊಡುವುದು ಎಂಬ ಎರಡೂ ಅರ್ಥ ಬರಬೇಕು. ಮಡಿಸುವ ಮೊದಲು ಹಾಳೆಯ ಮೇಲೆ ಒತ್ತುವ ಗೆರೆಗೂ ಒಂದು ಹೆಸರು ಬೇಕು.

ಮಾನ್ಯರೇ,

ನಾಳೆಯೇ ಬೇಕಾಗಿರುವುದರಿಂದ ಮೊದಲು ಸಾಲು ತೆಗೆದುಕೊಳ್ಳಿ: ‘ಹಾರೈಕೆ ಕಾರ್ಡು ಕೈಯಾರೆ ಮಾಡೋಣ, ಎಳ್ಳಿನೊಂದಿಗೆ ಬೀರೋಣ’. ಕಾರಣ ಬೇಕಾದವರು ಮುಂದೆ ಓದಲಿ.

ಈ ಪ್ರಶ್ನೆಗೆ ಇತರರು ಸೂಚಿಸಿದ ಹೆಸರುಗಳಲ್ಲಿ ‘ಹಸ್ತನಿರ್ಮಿತ ಶುಭಾಶಯ ಪತ್ರ’ ಬೇಡವೇ ಬೇಡ. ವ್ಯಾಕರಣದ ದೋಷವೇನೂ ಇಲ್ಲ, ಆದರೆ ಫಲಕ ಇರುವುದು ಮೂರನೆಯ ತರಗತಿಯ ಮಕ್ಕಳಿಗಾಗಿ. ಅದರ ಪಕ್ಕದಲ್ಲಿ ‘ಉಚಿತ ವಿತರಣೆ’ ಎಂದೂ ಸೇರಿಸಿದರೆ ನ್ಯಾಯಬೆಲೆ ಅಂಗಡಿಯ ಮುಂದೆ ಸಾಲು ನಿಂತಂತಾಗುತ್ತದೆ. ‘ಕೈಪತ್ರ’ ಎಂದವರು ‘ಕರಪತ್ರ’ ಎಂಬ ಪದ ಈಗಾಗಲೇ ಬೇರೆ ಕೆಲಸದಲ್ಲಿದೆ ಎಂಬುದನ್ನು ನೋಡಲಿಲ್ಲ. ಚುನಾವಣೆಯ ಹೊತ್ತಿನಲ್ಲಿ ಮನೆಬಾಗಿಲಿಗೆ ಬರುವ ಹಾಳೆಯೇ ಎಲ್ಲರ ನೆನಪಿಗೆ ಬರುತ್ತದೆ.

‘ಕೈಯೋಲೆ’ಯನ್ನು ಸೂಚಿಸಿದ ಮಿತ್ರರ ಬಗ್ಗೆ ನನಗೆ ಗೌರವವಿದೆ. ಕರೆಯೋಲೆ ಉಳಿದಿದೆ, ಇ-ಮೇಲಿಗೆ ಮಿಂಚೋಲೆಯನ್ನು ನಾವೇ ದಿನವೂ ಬಳಸುತ್ತೇವೆ. ಬರೆಯುವ ವಸ್ತುವಿಗೆ ಗಿಡಮರದಿಂದಲೇ ಹೆಸರು ಪಡೆದ ಭಾಷೆ ನಮ್ಮದು: ತಾಳೆಯ ಓಲೆ, ಗರಿ, ಅಡಿಕೆಯ ಹಾಳೆಗೂ ನೋಟುಪುಸ್ತಕದ ಹಾಳೆಗೂ ಒಂದೇ ಮಾತು, ಇಸ್ಪೀಟಿನಲ್ಲಿ ಹಂಚುವುದು ಕೂಡ ಎಲೆಯನ್ನೇ. ಇದು ನನಗೆ ತುಂಬ ಪ್ರಿಯವಾದ ವಿಷಯ, ಅವಕಾಶ ಸಿಕ್ಕಿದಲ್ಲೆಲ್ಲ ಹೇಳುತ್ತೇನೆ. ಆದರೂ ಮೈಸೂರು, ಮಂಡ್ಯಗಳಲ್ಲಿ ಓಲೆ ಎಂದರೆ ಮೊದಲು ಕಿವಿಯದು. ‘ಕೈಯೋಲೆ’ ಎಂದು ಬರೆಸಿದರೆ ಹೆಂಗಸರು ಒಡವೆ ಕೇಳಿಕೊಂಡು ಬಂದಾರು.

ಇನ್ನು ‘ಕಾರ್ಡು ಪರಭಾಷೆಯದು, ಕಾಗದ ಎಂದಾದರೂ ಬರೆಯಿರಿ’ ಎಂಬ ವಾದ. ಸ್ವಾಮಿ, ಕಾಗದ ಎಲ್ಲಿಯದು? ಪಾರಸಿಯಿಂದ ಬಂದದ್ದು. ಅದಕ್ಕೆ ಪೌರತ್ವ ಕೊಟ್ಟು ಕಾರ್ಡನ್ನು ಗಡಿಯಲ್ಲಿ ತಡೆಯುವುದು ಯಾವ ನ್ಯಾಯ? ಅಂಚೆ ಕಾರ್ಡು ಭಾರತಕ್ಕೆ ಬಂದದ್ದು 1879ರಲ್ಲಿ. ಅಂದಿನಿಂದ ಎಷ್ಟು ತಲೆಮಾರುಗಳು ಕಾರ್ಡು ಹಾಕಿವೆ, ಕಾರ್ಡಿಗಾಗಿ ಕಾದಿವೆ, ಕಾರ್ಡಿನಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿವೆ! ಕೊನೆಗೆ ಉಕಾರ ಹಚ್ಚಿಕೊಂಡು, ಕಾರ್ಡನ್ನು, ಕಾರ್ಡಿಗೆ, ಕಾರ್ಡಿನ ಎಂದು ವಿಭಕ್ತಿಗಳನ್ನೆಲ್ಲ ಹೊತ್ತು ನಡೆಯುವ ಪದ ಕನ್ನಡದ ಪದ. ನನ್ನ ಅಳತೆಗೋಲು ಇದೊಂದೇ. ‘ಹಾರೈಕೆ ಕಾರ್ಡು’ ಅರಿಸಮಾಸವಾಯಿತು, ಅಂದರೆ ಕೂಡಬಾರದ ಎರಡು ಭಾಷೆಯ ಪದಗಳು ಕೂಡಿದವು ಎಂದು ಆಕ್ಷೇಪಿಸುವವರು, ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನು ಆ ಮಾತನ್ನು ಆಡಿದ್ದು ಕನ್ನಡ-ಸಂಸ್ಕೃತಗಳ ಕೂಟದ ಬಗ್ಗೆ ಎಂಬುದನ್ನು ನೆನೆಯಲಿ. ಇಷ್ಟರ ಮೇಲೂ ಕಾರ್ಡು ಬೇಡವೆನ್ನುವವರು ತಮ್ಮ ಪಡಿತರ ಕಾರ್ಡಿಗೆ ಮೊದಲು ಹೊಸ ಹೆಸರು ಹುಡುಕಲಿ.

‘ಬೀರು’ ಎಂಬ ಕ್ರಿಯಾಪದವನ್ನು ಮಾತ್ರ ದಯವಿಟ್ಟು ಬಿಡಬೇಡಿ. ದೀಪ ಬೆಳಕು ಬೀರುತ್ತದೆ, ಹೂವು ಕಂಪು ಬೀರುತ್ತದೆ, ನಮ್ಮ ಕಡೆ ಸಂಕ್ರಾಂತಿಯ ಸಂಜೆ ಮಕ್ಕಳು ಎಳ್ಳು ಬೀರುತ್ತಾರೆ. ಹೊಸ ಲಂಗ ಉಟ್ಟ ಹುಡುಗಿ ತಟ್ಟೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ ಬೆರೆಸಿದ ಪೊಟ್ಟಣಗಳನ್ನೂ ಸಕ್ಕರೆ ಅಚ್ಚು, ಕಬ್ಬಿನ ತುಂಡುಗಳನ್ನೂ ಇಟ್ಟುಕೊಂಡು ಮನೆಮನೆಯ ಹೊಸಿಲು ಹತ್ತುತ್ತಾಳೆ. ಹಂಚುವವನು ಇದ್ದಲ್ಲೇ ನಿಂತು ಹಂಚಬಹುದು. ಬೀರುವವಳು ಎದುರಿನವರ ಬಾಗಿಲಿಗೆ ತಾನೇ ಹೋಗಬೇಕು. ನಿಮ್ಮ ಮಕ್ಕಳು ಮಾಡಹೊರಟಿರುವುದು ಅದನ್ನೇ. ಯುಗಾದಿಗೋ ದೀಪಾವಳಿಗೋ ಮಾಡಿಸುವಾಗ ‘ಎಳ್ಳಿನೊಂದಿಗೆ’ ತೆಗೆದು ‘ಹಂಚೋಣ’ ಎಂದು ಬದಲಿಸಿಕೊಳ್ಳಿ, ಅಡ್ಡಿಯಿಲ್ಲ.

ಒತ್ತುವ ಗೆರೆಗೆ ‘ಮಡಿಕೆ ಗೆರೆ’ ಸಾಕು. ಮಾಡುವ ಬಗೆಯನ್ನೂ ಬರೆಸುವುದಾದರೆ: ‘ಶಾಯಿ ಮುಗಿದ ಬಾಲ್‌ಪೆನ್ನನ್ನು ಅಳತೆಪಟ್ಟಿಗೆ ಆನಿಸಿ ಗೆರೆ ಒತ್ತಿ, ಆಮೇಲೆ ಮಡಿಸಿ.’ ಗೆರೆ ಒತ್ತದೆ ಮಡಿಸಿದರೆ ದಪ್ಪ ಹಾಳೆಯ ಬೆನ್ನು ಬಿರಿಯುತ್ತದೆ, ಬಣ್ಣವೂ ಎದ್ದುಬರುತ್ತದೆ. ಎ4 ಹಾಳೆಯ ಉದ್ದ 297 ಮಿಲಿಮೀಟರ್, ನಡುವೆ ಒಮ್ಮೆ ಮಡಿಸಿದರೆ ಹಿರಿಯರು ದಪ್ಪಕ್ಷರದಲ್ಲಿ ಓದುವಷ್ಟು ಜಾಗ ಸಿಗುತ್ತದೆ.

ಮಕ್ಕಳು ಒಳಗೆ ‘ಹಾರ್ದಿಕ ಶುಭಾಶಯಗಳು’ ಎಂದು ಬರೆದೇ ಬರೆಯುತ್ತಾರೆ. ಬೀದಿಯ ಬ್ಯಾನರುಗಳನ್ನು ನೋಡಿ ಅವರು ಕಲಿತಿರುವುದು ‘ಹಾರ್ಧಿಕ ಶುಭಾಷಯ’. ಶುಭ ಮತ್ತು ಆಶಯ ಸೇರಿ ಶುಭಾಶಯ. ಅಲ್ಲಿ ಷಕಾರಕ್ಕೆ ಕೆಲಸವಿಲ್ಲ, ದಕಾರಕ್ಕೆ ಹೊಟ್ಟೆ ಸೀಳುವುದೂ ಬೇಡ. ಸರಿಯಾದ ರೂಪವನ್ನು ಒಂದು ರಟ್ಟಿನ ಮೇಲೆ ಬರೆದು ಮೇಜಿನ ಮೇಲೆ ನಿಲ್ಲಿಸಿ.