ಮುಳ್ಳಯ್ಯನಗಿರಿ ಕಡೆ ಓಡೋಕೆ ಯಾವ ಬಟ್ಟೆ, ಎಷ್ಟು ಪದರ?

ಕುಂದುವಾಡ ಕೆರೆ ಏರಿ:
ನಮಸ್ಕಾರ. ನಾನು ದಾವಣಗೆರೆಯವನು. ದಿನಾ ಬೆಳಿಗ್ಗೆ ಕುಂದುವಾಡ ಕೆರೆ ಹತ್ತಿರ ಓಡುತ್ತೇನೆ. ಇಲ್ಲಿ ಒಂದು ಟೀ ಶರ್ಟ್, ಚಡ್ಡಿ ಸಾಕು. ಜುಲೈ ಕೊನೆಗೆ ಗೆಳೆಯರ ಜೊತೆ ಮುಳ್ಳಯ್ಯನಗಿರಿ ಕಡೆ 18 ಕಿ.ಮೀ. ಓಡಬೇಕು. ಹೋದ ವರ್ಷ ಕಾಟನ್ ಟೀ ಶರ್ಟ್ ಮೇಲೆ ಬೈಕಿನ ರೇನ್‌ಕೋಟ್ ಹಾಕಿಕೊಂಡು ಹೋಗಿದ್ದೆ. ಹತ್ತುವಾಗ ಒಳಗೆಲ್ಲ ಬೆವರು. ಮೇಲೆ ನಿಂತ ಐದೇ ನಿಮಿಷಕ್ಕೆ ಹಲ್ಲು ಕಟಕಟ. ಶೂ ಲೇಸ್ ಕಟ್ಟೋಕೂ ಬೆರಳು ಬಗ್ಗಲಿಲ್ಲ. ಈ ಸಲ ದಪ್ಪ ಜಾಕೆಟ್ ತಗೊಂಡರೆ ಸರಿಹೋಗುತ್ತಾ?

ದುರ್ಗದ ಓಟಗಾರ್ತಿ:
ದಪ್ಪ ಜಾಕೆಟ್ ಬೇಡವೇ ಬೇಡ ಸರ್. ನಿಮ್ಮನ್ನು ನಡುಗಿಸಿದ್ದು ಬರೀ ಮಳೆ ಅಲ್ಲ, ನಿಮ್ಮದೇ ಬೆವರು. ಕಾಟನ್ ಬೆವರು ಕುಡಿದು ಮೈಗೆ ಅಂಟಿಕೊಂಡಿತು, ರೇನ್‌ಕೋಟ್ ಅದನ್ನು ಆರಲು ಬಿಡಲಿಲ್ಲ. ನಿಂತ ತಕ್ಷಣ ಮೈಕಾವು ಇಳಿಯಿತು.

ನಾನು ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಗುಡ್ಡ ಹತ್ತುವವಳು. ಕೆಳಗೆ ಊರಲ್ಲಿ ಬಿಸಿಲಿದ್ದರೂ ಮಳೆಗಾಲದಲ್ಲಿ ಮೇಲೆ ಮಂಜು, ಕಿವಿ ಕೊರೆಯುವ ಗಾಳಿ. ಸುತ್ತಲ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ! ಮುಳ್ಳಯ್ಯನಗಿರಿ ಇನ್ನೂ ಎತ್ತರ, 1930 ಮೀಟರ್. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ಇಳಿಯುತ್ತದೆ, ಗಾಳಿ ಸೇರಿದರೆ ಚಳಿ ಅದಕ್ಕಿಂತ ಜಾಸ್ತಿ ಅನ್ನಿಸುತ್ತದೆ.

ಮೈಗೆ ತೆಳ್ಳನೆಯ ಪಾಲಿಯೆಸ್ಟರ್ ಟೀ ಶರ್ಟ್ ಹಾಕಿ, ಬನಿಯನ್ ಬೇಡ. ಅದರ ಮೇಲೆ ಮುಷ್ಟಿಯಷ್ಟಕ್ಕೆ ಮಡಚಬಹುದಾದ, ಒಳಗೆ ಅಸ್ತರ್ ಇಲ್ಲದ ವಿಂಡ್‌ಚೀಟರ್. ಹತ್ತುವಾಗ ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳಿ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು, ಹತ್ತು ನಿಮಿಷಕ್ಕೆ ಮೈ ಬಿಸಿಯಾಗುತ್ತದೆ. ಮರಗಳ ಮರೆ ಮುಗಿದು ಬೋಳುಗುಡ್ಡ ಶುರುವಾಗುವ ಮೊದಲೇ ನಿಂತು ಹಾಕಿಕೊಳ್ಳಿ. ಗಾಳಿಗೆ ಸಿಕ್ಕ ಮೇಲೆ ಜಿಪ್ ಎಳೆಯೋಕೂ ಕೈ ಬರಲ್ಲ. ಜೋರು ಮಳೆಗೆ ಹಗುರವಾದ ರೇನ್ ಜಾಕೆಟ್ ಬ್ಯಾಗಲ್ಲಿರಲಿ, ಕಂಕುಳಲ್ಲಿ ಗಾಳಿಯಾಡಲು ಜಿಪ್ ಇದ್ದರೆ ಒಳ್ಳೆಯದು.

ಫ್ಲೀಸ್, ಅಂದರೆ ಮೆತ್ತನೆಯ ಬೆಚ್ಚನೆ ಮೇಲಂಗಿ, ಓಡುವಾಗ ಬೇಡ, ನಿಂತಾಗ ಬೇಕು. ಅದನ್ನೂ ಒಂದು ಒಣ ಟೀ ಶರ್ಟನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿಡಿ. ಮೇಲೆ ತಲುಪಿದ ತಕ್ಷಣ ಬದಲಾಯಿಸಿ, ಫೋಟೋ ಆಮೇಲೆ. ಎಲ್ಲವನ್ನೂ ಒಮ್ಮೆ ಜೋಗಿಮಟ್ಟಿಯಲ್ಲಿ ಹಾಕಿ ನೋಡಿ. ಅರಣ್ಯ ಇಲಾಖೆಯ ಅನುಮತಿ ಮಾತ್ರ ಮೊದಲೇ ಕೇಳಿಕೊಳ್ಳಿ.

ಚಳ್ಳಕೆರೆಯವನು:
ಮೇಡಂ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ನಮ್ಮಜ್ಜ ಕುರಿ ಕಾಯುವಾಗ ಮಳೆ ಬಂದರೆ ಕಂಬಳಿ ಕೊಪ್ಪೆ ಹಾಕಿಕೊಂಡು ನಿಲ್ಲುತ್ತಿದ್ದರು. ಹೊರಗೆ ನೀರು ತೊಟ್ಟಿಕ್ಕುತ್ತಿತ್ತು, ನಾನು ಒಳಗೆ ನುಸುಳಿದರೆ ಒಲೆ ಮುಂದೆ ಕೂತ ಹಾಗೆ ಇರುತ್ತಿತ್ತು. ನಮ್ಮ ಕಂಬಳಿಯ ಉಣ್ಣೆ ಒರಟು, ಭಾರ, ಓಡೋಕೆ ಆಗಲ್ಲ. ಮೆರಿನೋ ಕುರಿಯ ಉಣ್ಣೆ ನಯ, ಅದರ ತೆಳ್ಳನೆ ಟೀ ಶರ್ಟ್ ಸಿಗುತ್ತದೆ. ಬೆಲೆ ಜಾಸ್ತಿ. ಕೊಳ್ಳೋಕಾದರೆ ಮೈಗೆ ಅದನ್ನೇ ಹಾಕಿ.

ಕುಂದುವಾಡ ಕೆರೆ ಏರಿ:
ಇಬ್ಬರಿಗೂ ತುಂಬಾ ಧನ್ಯವಾದ. ಪಾಲಿಯೆಸ್ಟರ್ ಟೀ ಶರ್ಟ್ ಎರಡಿವೆ. ವಿಂಡ್‌ಚೀಟರ್ ಒಂದೇ ಕೊಳ್ಳಬೇಕು. ಮುಂದಿನ ಭಾನುವಾರ ಜೋಗಿಮಟ್ಟಿಗೆ ಬರುತ್ತೇನೆ ಮೇಡಂ. ಮುಳ್ಳಯ್ಯನಗಿರಿಗೆ ಹೋಗುವಾಗ ಮನೆಯ ಕಂಬಳಿಯನ್ನೂ ಕಾರಿನಲ್ಲಿ ಇಟ್ಟುಕೊಳ್ಳುತ್ತೇನೆ, ಇಳಿದು ಬಂದ ಮೇಲೆ ಹೊದೆಯೋಕೆ.