ಎಲೆಯ ಮುಪ್ಪು ಮತ್ತು ಸಾಲಿನ ಲೆಕ್ಕ

ಮುಸುಕಿನ ಜೋಳದ ಬುಡದ ಎಲೆಗಳು ತೆನೆ ಬಲಿಯುವ ಮೊದಲೇ ಹಳದಿಯಾದರೆ ಅದು ವಯೋಧರ್ಮವಲ್ಲದೆ ಬೇರೇನೂ ಅಲ್ಲ ಎಂಬುದು ಸದಾಶಿವನ ವಾದ. ಮೂವತ್ತಕ್ಕೇ ತಲೆ ನೆರೆತವನಾದ್ದರಿಂದ ಈ ವಿಷಯದಲ್ಲಿ ಅವನ ಮಾತಿಗೆ ನಾವು ಕೊಂಚ ಹೆಚ್ಚಿನ ತೂಕ ಕೊಡುವುದುಂಟು. ಕೃಷಿ ಓದಿದ ಗಿರಿಜಾ ಮಾತ್ರ ಕೊಡುವುದಿಲ್ಲ.

“ಒಂದೇ ದಿನ ಬಿತ್ತಿದ ಒಂದೇ ತಳಿಯ ಎಲೆಗಳು ಒಂದು ಹೊಲದಲ್ಲಿ ಬೇಗ, ಇನ್ನೊಂದರಲ್ಲಿ ತಡವಾಗಿ ಹಣ್ಣಾಗುವುದಾದರೆ ವಯಸ್ಸನ್ನು ದೂರಿ ಏನು ಪ್ರಯೋಜನ?” ಎಂದು ಆಕೆ ಲೆಕ್ಕಕ್ಕೇ ಇಳಿದಳು. ಸಾಲಿಗೆ 75 ಸೆಂ.ಮೀ., ಗಿಡಕ್ಕೆ 20 ಸೆಂ.ಮೀ. ಅಂತರ ಬಿಟ್ಟರೂ, ಸಾಲಿಗೆ 50, ಗಿಡಕ್ಕೆ 30 ಬಿಟ್ಟರೂ ಒಂದು ಗಿಡಕ್ಕೆ ಸಿಗುವುದು 1500 ಚದರ ಸೆಂ.ಮೀ. ಜಾಗ, ಹೆಕ್ಟೇರಿಗೆ ಸುಮಾರು 66,667 ಗಿಡ.

“ಜಾಗ ಅಷ್ಟೇ ಆದಮೇಲೆ ಜಗಳವೇಕೆ?” ಎಂದ ಸದಾಶಿವ.

“ಬಸ್ಸಿನ ಮೂವರ ಸೀಟಿನಲ್ಲಿ ಐವರು ಒತ್ತಿಕೊಂಡು, ಪಕ್ಕದ ಸೀಟನ್ನು ಖಾಲಿ ಬಿಟ್ಟಂತೆ” ಎಂದಳು ಗಿರಿಜಾ. 20 ಸೆಂ.ಮೀ. ಅಂತರದಲ್ಲಿ ಅಕ್ಕಪಕ್ಕದ ಗಿಡಗಳು ಒಂದರ ಮೇಲೊಂದು ಎಲೆ ಚಾಚುತ್ತವೆ. ಸಾಲುಗಳ ನಡುವೆ ಬಿದ್ದ ಬಿಸಿಲನ್ನು ಬಹುಕಾಲ ಬರೀ ಮಣ್ಣು ಕುಡಿಯುತ್ತದೆ.

“ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತದೆಯಂತೆ” ಎಂದು ರಘು ನಿಟ್ಟುಸಿರಿಟ್ಟ.

“ಇಲ್ಲಿ ನಕ್ಕು ಸುಮ್ಮನಿರುವುದಿಲ್ಲ, ಊಟವನ್ನೇ ಕಿತ್ತುಕೊಳ್ಳುತ್ತದೆ” ಎಂದು ಗಿರಿಜಾ ವಿವರಿಸಿದಳು. ಮೇಲಿನ ಎಲೆಗಳು ಕೆಂಪು ಬೆಳಕನ್ನು ಹೀರಿಕೊಂಡು ಕಣ್ಣಿಗೆ ಅಷ್ಟಾಗಿ ಕಾಣದ ದೂರಗೆಂಪು ಬೆಳಕನ್ನು ಹೆಚ್ಚಾಗಿ ಕೆಳಗೆ ಬಿಡುವುದರಿಂದ, ಬುಡದ ಎಲೆಯ ಫೈಟೋಕ್ರೋಮ್ ಎಂಬ, ಬೆಳಕಿನ ಬಣ್ಣ ಗುರುತಿಸುವ ಪ್ರೋಟೀನು ನೆರಳಿನ ಸುಳಿವು ಹಿಡಿಯುತ್ತದೆ. ತನ್ನ ಉಸಿರಾಟದ ಖರ್ಚನ್ನೂ ದುಡಿಯಲಾರದ ಎಲೆಯ ಪ್ರೋಟೀನುಗಳು ಕಳಚಿ, ಅದರ ಸಾರಜನಕವು ತೆನೆಯ ಕಡೆ ಸಾಗುತ್ತದೆ. ಬೇರಿಗೆ ಸಕ್ಕರೆ ಒದಗಿಸುವುದರಲ್ಲಿ ಕೆಳಗಿನ ಎಲೆಗಳ ಪಾಲು ದೊಡ್ಡದಾದ್ದರಿಂದ, ಅವು ಮಡಿದರೆ ಬೇರೂ ಸೊರಗುತ್ತದೆ.

ಎಲ್ಲ ಹಳದಿಯನ್ನೂ ನೆರಳಿನ ತಲೆಗೆ ಕಟ್ಟುವಂತಿಲ್ಲ. ತುದಿಯಿಂದ ನಡುನರದ ಗುಂಟ ಒಳಗೆ ಇಳಿದಿರುವ ಹಳದಿ ಮಣ್ಣಿನ ಸಾರಜನಕದ ಕೊರತೆಯನ್ನು ಹೇಳಿದರೆ, ಅಂಚು ಮೊದಲು ಸುಟ್ಟಂತಾಗುವುದು ಪೊಟ್ಯಾಷ್ ಕೊರತೆಯನ್ನು ಹೇಳುತ್ತದೆ. ಇದನ್ನು ಕೇಳಿ ಸದಾಶಿವನ ಮುಖ ಸ್ವಲ್ಪ ಗೆಲುವಾಯಿತು.

“ಹಾಗಾದರೆ ಸಾಲನ್ನು ಎರಡು ಮೀಟರ್ ಬಿಟ್ಟರೆ ಎಲೆಗಳು ಚಿರಂಜೀವಿಗಳಾಗುತ್ತವೆಯೇ?” ಎಂದ ರಘು.

“ಚಿರಂಜೀವಿಯಾಗುವುದು ಕಳೆ. ಕಾಳು ಬಲಿತು ಅದರ ಬುಡದಲ್ಲಿ ಕಪ್ಪು ಪದರ ಮೂಡಿದ ಮೇಲೆ ಎಲೆ ಎಷ್ಟು ಹಸಿರಾಗಿದ್ದರೂ ಕಾಳಿನ ತೂಕ ಹೆಚ್ಚುವುದಿಲ್ಲ.” 80 ಮತ್ತು 40 ಸೆಂ.ಮೀ. ಅಂತರವನ್ನು ಒಂದರ ಮಗ್ಗುಲಿಗೊಂದು ಬಿಡುವ ಜೋಡಿ ಸಾಲಿನಲ್ಲಿ ಸರಾಸರಿ 60 ಸೆಂ.ಮೀ. ಉಳಿದು, ಅಗಲದ ಓಣಿಯಿಂದ ತೆನೆಯ ಬಳಿಯ ಎಲೆಗಳಿಗೂ ಬೆಳಕು ಇಳಿಯುತ್ತದೆ ಎಂದಳು.

“ಇಷ್ಟೆಲ್ಲ ತಿಳಿದೂ ಜನ ಹಳೆಯ ಅಂತರಕ್ಕೇ ಏಕೆ ಅಂಟಿಕೊಳ್ಳುತ್ತಾರೆ?”

“ಕಟಾವು ಯಂತ್ರ ಯಾವ ಅಂತರಕ್ಕಿದೆಯೋ ಬಿತ್ತನೆಯೂ ಅದೇ ಅಂತರಕ್ಕೆ. ಅಮೆರಿಕದಲ್ಲಿ ಹಿಂದೆ ಸಾಲುಗಳ ನಡುವೆ ಕುದುರೆ ನಡೆಯಬೇಕೆಂದು ಸುಮಾರು 1 ಮೀಟರ್ ಬಿಡುತ್ತಿದ್ದರು.”

ಸದಾಶಿವ ಎದ್ದು ಕುಳಿತ. “ಅಂದರೆ ಎಲೆಯ ಆಯಸ್ಸನ್ನು ಕುದುರೆಯ ಹೊಟ್ಟೆಯ ಸುತ್ತಳತೆ ನಿರ್ಧರಿಸುತ್ತಿತ್ತು ಎನ್ನು!”

“ಸುತ್ತಳತೆಯಲ್ಲ, ಅಗಲ” ಎಂದು ಗಿರಿಜಾ ತಿದ್ದಿದಳು.