ಗಂಡನಿಗೆ ಸೀಸ 38, ಬಸುರಿ ಹೆಂಡತಿಗೆ 9, ಅತ್ತೆಗೆ 12: ಏನು ಮಾಡಬೇಕು?

ಪ್ರಶ್ನೆ: ನಮ್ಮನೆಯವರು ಏಳು ವರ್ಷದಿಂದ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸೋ ಶೆಡ್ಡಲ್ಲಿದ್ದಾರೆ. ರಕ್ತದಲ್ಲಿ ಸೀಸ ಡೆಸಿಲೀಟರಿಗೆ 38 ಮೈಕ್ರೋಗ್ರಾಂ ಬಂದಿದೆ. 40ರೊಳಗಿದ್ರೆ ಸರಿ ಅಂತ ರಿಪೋರ್ಟಲ್ಲಿದೆ. ನಾನು ಐದು ತಿಂಗಳ ಬಸುರಿ, ಆ ಶೆಡ್ಡಿಗೆ ಕಾಲಿಟ್ಟವಳಲ್ಲ, ನಂಗೂ 9. ಆರ್‌ಒ ಹಾಕಿಸ್ಬೇಕಾ? ಡಿಟಾಕ್ಸ್ ಔಷಧಿ ತಗೋಬಹುದಾ?

ಉತ್ತರ (ವೃತ್ತಿ ಆರೋಗ್ಯ ವೈದ್ಯೆ): ನೋಡಮ್ಮ, ಆ 40 ಕಾರ್ಖಾನೆ ಕೆಲಸಗಾರರಿಗೆ ಹಿಂದೆ ಇಟ್ಟಿದ್ದ ಗಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಪ್ರಕಾರ 5 ಮುಟ್ಟಿದರೇ ಮೂಲ ಹುಡುಕಿ ತಡೆಯಬೇಕು. 38ರಲ್ಲಿ ಗಂಡಸಿಗೆ ನೋವೇನೂ ಕಾಣದಿರಬಹುದು, ಆದರೆ ಬಿಪಿ ಏರುತ್ತದೆ, ಕಿಡ್ನಿ ಸವೆಯುತ್ತದೆ. 40ರ ಮೇಲೆ ವೀರ್ಯಾಣುಗಳ ಸಂಖ್ಯೆ, ಚಲನೆ ಎರಡೂ ತಗ್ಗುತ್ತವೆ. ಬಿಪಿ, ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಯೂರಿಕ್ ಆಸಿಡ್ ಈ ವಾರವೇ ಮಾಡಿಸಿ. ಮಲಬದ್ಧತೆಯ ಜೊತೆ ಹೊಟ್ಟೆ ಹಿಂಡುವ ನೋವು ಬಂದರೆ, ಮಣಿಕಟ್ಟು ಎತ್ತಲಾಗದೆ ಜೋತುಬಿದ್ದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಿಮ್ಮ 9 ಹೆಚ್ಚಾಗಿ ಅವರ ಬಟ್ಟೆ, ತಲೆಗೂದಲು, ಚಪ್ಪಲಿ, ಗಾಡಿ ಸೀಟಿನ ಧೂಳಿನಿಂದ ಬಂದಿರುತ್ತದೆ. ಅವರು ಶೆಡ್ಡಿನಲ್ಲೇ ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡು ಮನೆಗೆ ಬರಲಿ. ಕೆಲಸದ ಬಟ್ಟೆಯನ್ನು ನೀವು ಕೊಡವಬೇಡಿ, ನೀವೇ ಒಗೆಯಲೂಬೇಡಿ. ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ. ಸೀಸ ಉಸಿರಿನಿಂದಷ್ಟೇ ಅಲ್ಲ, ಬಾಯಿಂದಲೂ ಒಳಗೆ ಹೋಗುತ್ತದೆ: ಕೈ ತೊಳೆಯದೆ ಊಟ, ಬೀಡಿ, ಉಗುರಿನ ಸಂದಿಯ ಕರಿ. ಕರಗಿಸುವ ಒಲೆ ಹತ್ತಿರ ಬಟ್ಟೆ ಮಾಸ್ಕ್ ಸಾಲದು, ನುಣ್ಣನೆ ಧೂಳು, ಹೊಗೆಯನ್ನೂ ತಡೆಯುವ ಪಿ100 ಫಿಲ್ಟರಿನ ರೆಸ್ಪಿರೇಟರ್ ಬೇಕು. ನನ್ನ ಕೇಳಿದರೆ, ಒಲೆ ಕೆಲಸವನ್ನೇ ಬಿಡಿಸಿ.

ಮಗುವಿನ ಮೂಳೆಗೆ ಬೇಕಾದ ಕ್ಯಾಲ್ಸಿಯಂ ನಿಮ್ಮ ಮೂಳೆಯಿಂದಲೂ ಹೋಗುತ್ತದೆ. ಅಲ್ಲಿ ಸೇರಿಕೊಂಡ ಸೀಸವೂ ಅದರ ಜೊತೆ ರಕ್ತಕ್ಕೆ ಇಳಿಯುತ್ತದೆ, ಮಾಸು ಅದನ್ನು ತಡೆಯುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆರಡು, ಊಟದ ಜೊತೆ. ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ, ಒಟ್ಟಿಗೆ ನುಂಗಿದರೆ ಕಬ್ಬಿಣ ಹತ್ತುವುದಿಲ್ಲ. ಇವೆರಡೂ ಕಡಿಮೆಯಿದ್ದಾಗ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ, ಖಾಲಿ ಹೊಟ್ಟೆಯಲ್ಲಂತೂ ಇನ್ನೂ ಹೆಚ್ಚು. ಬಯಕೆ ಅಂತ ಮಣ್ಣು ತಿನ್ನುವ ಅಭ್ಯಾಸ ಇದ್ದರೆ ಸಂಕೋಚ ಬಿಟ್ಟು ನಿಮ್ಮ ಡಾಕ್ಟರಿಗೆ ಹೇಳಿ. ಎದೆಹಾಲು ಕೊಡಬಹುದು, ತಾಯಿಗೆ 40ರ ಒಳಗಿದ್ದರೆ ನಿಲ್ಲಿಸುವ ಅಗತ್ಯವಿಲ್ಲ. ಹುಟ್ಟಿದ ಮಗುವಿಗೆ ಮಾತ್ರ ಪರೀಕ್ಷೆ ತಪ್ಪಿಸಬೇಡಿ.

ಆರ್‌ಒ ಸೀಸ ತೆಗೆಯುತ್ತದೆ, ಕುದಿಸಿದರೆ ಹೋಗುವುದಿಲ್ಲ. ಆದರೆ ನಿಮ್ಮಲ್ಲಿ ಅನುಮಾನ ಧೂಳಿನ ಮೇಲೆ, ದುಡ್ಡು ಹಾಕುವ ಮೊದಲು ನೀರು ಪರೀಕ್ಷಿಸಿ. ಡಿಟಾಕ್ಸ್ ಪುಡಿ ಯಾವುದೂ ಬೇಡ.

ಮರುಪ್ರಶ್ನೆ: ಮೇಡಂ, ಅತ್ತೆಗೆ 58 ವರ್ಷ. ಈ ಕೆಲಸ ಬಿಟ್ಟು ಹದಿನೈದು ವರ್ಷ ಆಯ್ತು, ಆದ್ರೂ 12 ಇದೆ. ಮಂಡಿನೋವಿಗೆ ಭಸ್ಮ ತಗೋತಾರೆ.

ಉತ್ತರ: ಮೊದಲು ಆ ಭಸ್ಮದ ಡಬ್ಬಿ ನೋಡಿ. ನಾಗಭಸ್ಮ ಅಂದರೆ ಸೀಸವೇ. ಹೆಸರಿಲ್ಲದ ಪೊಟ್ಟಣವಾದರೂ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಭಸ್ಮ ಅಲ್ಲದಿದ್ದರೆ ಮೂಳೆ. ರಕ್ತದ ಸೀಸ ತಿಂಗಳೊಂದರಲ್ಲಿ ಸುಮಾರು ಅರ್ಧಕ್ಕಿಳಿಯುತ್ತದೆ. ಆದರೆ ವಯಸ್ಕರ ಮೈಯಲ್ಲಿರುವ ಸೀಸದ ಶೇ. 90ಕ್ಕೂ ಹೆಚ್ಚು ಪಾಲು ಮೂಳೆಯಲ್ಲಿ ದಶಕಗಟ್ಟಲೆ ಕೂತಿರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ, ಹಳೆಯ ಸೀಸ ಆಗ ಮತ್ತೆ ರಕ್ತಕ್ಕೆ ಬರುತ್ತದೆ. ಗಂಡಸರಲ್ಲಿ ಸವೆತ ನಿಧಾನ, ಹಾಗಾಗಿ ಈ ಏರಿಕೆ ಅಷ್ಟಾಗಿ ಕಾಣುವುದಿಲ್ಲ. ಮೂಳೆ ಸಾಂದ್ರತೆ, ವಿಟಮಿನ್ ಡಿ, ಥೈರಾಯ್ಡ್, ಬಿಪಿ ನೋಡಿಸಿ. ಸೀಸ ಹೊರಹಾಕುವ ಔಷಧಿ 12ಕ್ಕೆ ಬೇಕಿಲ್ಲ. ಅದರ ಮಾತು ಬರುವುದು ಅಂಕಿ ಇದಕ್ಕಿಂತ ಬಹಳ ಮೇಲೇರಿದಾಗ ಇಲ್ಲವೇ ಲಕ್ಷಣ ತೀವ್ರವಾದಾಗ, ಅದೂ ತಜ್ಞರ ನಿಗಾದಲ್ಲಿ.

ಇನ್ನೊಂದು ಉತ್ತರ (ಲ್ಯಾಬ್ ಟೆಕ್ನಾಲಜಿಸ್ಟ್): ತಿಂಗಳು ಬಿಟ್ಟು ಮೂವರೂ ಮತ್ತೆ ಮಾಡಿಸಿ, ಅದೇ ಲ್ಯಾಬು, ಅದೇ ವಿಧಾನ. ರಕ್ತವನ್ನು ತೋಳಿನ ರಕ್ತನಾಳದಿಂದಲೇ ತೆಗೆಸಿ, ಲೋಹ ಪರೀಕ್ಷೆಗೆಂದೇ ಇರುವ, ರಕ್ತ ಹೆಪ್ಪುಗಟ್ಟದಂತೆ ಇಡುವ ಇಡಿಟಿಎ ಟ್ಯೂಬ್ ಕೇಳಿ. ಬೆರಳು ಚುಚ್ಚಿ ತೆಗೆದರೆ ನಿಮ್ಮನೆಯವರ ಚರ್ಮದ ಮೇಲಿನ ಸೀಸವೂ ಸೇರಿ ಸುಳ್ಳು ಅಂಕಿ ಬರುತ್ತದೆ. ಕೂದಲಿನ ಪರೀಕ್ಷೆಗೂ ಇದೇ ತೊಂದರೆ. ಸೀಸ ಹೊರಹಾಕುವ ಔಷಧಿ ಕೊಟ್ಟು ಮೂತ್ರದಲ್ಲಿ ಅಳೆಯುವ ಪ್ಯಾಕೇಜಿಗೆ ಒಪ್ಪಬೇಡಿ, ಆ ಅಂಕಿಗೆ ಹೋಲಿಸಲು ಸರಿಯಾದ ಮಿತಿಯೇ ಇಲ್ಲ. 9 ಇದ್ದದ್ದು 8 ಆದರೆ ಇಳಿಯಿತು ಅಂದುಕೊಳ್ಳಬೇಡಿ, ಯಂತ್ರದಲ್ಲೇ ಅಷ್ಟು ಹೆಚ್ಚುಕಡಿಮೆ ಆಗುತ್ತದೆ.